ಅರಿಸಿನದ ಮಾತ್ರೆ, ರಾಗಿಯ ನಾರು

ಕಳೆದ ವರ್ಷ ನನ್ನ ಸೋದರಮಾವನ ದೊಡ್ಡ ಕರುಳಿನಲ್ಲಿ ಮೂರು ಪಾಲಿಪ್‌ಗಳು (ಒಳಪದರದಲ್ಲಿ ಬೆಳೆಯುವ ಗಂಟುಗಳು, ಕೆಲವು ಮುಂದೆ ಕ್ಯಾನ್ಸರ್ ಆಗಬಹುದು) ಕಂಡುಬಂದು, ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಕೊಲೊನೋಸ್ಕೋಪಿಯ ವೇಳೆಯಲ್ಲೇ ಅವನ್ನು ತೆಗೆದರು. ಆಮೇಲೆ ನೋಡಲು ಬಂದವರಲ್ಲಿ ಹೆಚ್ಚಿನವರು ಅರಿಸಿನದ ಮಾತ್ರೆ ಶುರುಮಾಡಿದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂದರು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಓದಿ ತಿಳಿಯಬೇಕೆನಿಸಿತು.

ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಕಡಿಮೆ, ಬಹುಪಾಲು ಕರುಳಿನಲ್ಲೇ ಉಳಿಯುತ್ತದೆ. ಬೇರೆ ಅಂಗಗಳ ಮಟ್ಟಿಗೆ ಕೊರತೆಯಾದ ಈ ಗುಣವೇ ದೊಡ್ಡ ಕರುಳಿನ ಸಂಶೋಧಕರಲ್ಲಿ ಆಸೆ ಹುಟ್ಟಿಸಿತು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಧೂಮಪಾನಿಗಳು ದಿನಕ್ಕೆ 4 ಗ್ರಾಂನಂತೆ 30 ದಿನ ಕರ್ಕ್ಯುಮಿನ್ ಸೇವಿಸಿದಾಗ ಕರುಳಿನ ಒಳಪದರದ ಆರಂಭಿಕ ವಿಕೃತಿಗಳು ಶೇ 40ರಷ್ಟು ಇಳಿದವು. 2 ಗ್ರಾಂ ಸೇವಿಸಿದವರಲ್ಲಿ ಇಳಿಯಲಿಲ್ಲ, ಹೋಲಿಕೆಗೆ ಹುಸಿಮಾತ್ರೆಯ ಗುಂಪೂ ಇರಲಿಲ್ಲ. ಅಂಥ ಗುಂಪನ್ನಿಟ್ಟುಕೊಂಡು, ಆನುವಂಶಿಕ ದೋಷದಿಂದ ಪಾಲಿಪ್‌ಗಳು ಹುಟ್ಟುತ್ತಲೇ ಇರುವ 44 ಮಂದಿಯ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 3 ಗ್ರಾಂ ಸೇವಿಸಿದರೂ ಪಾಲಿಪ್‌ಗಳ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು. ಅಂದರೆ ಆ ಪ್ರಮಾಣಕ್ಕೆ ದಿನವೂ 100 ಗ್ರಾಂ ಪುಡಿ ಬೇಕು, ನಮ್ಮ ಸಾರಿಗೆ ಬೀಳುವುದು ಒಂದು ಚಿಟಿಕೆ.

ಯಾರೂ ಮಾತ್ರೆ ಮಾಡಿ ಕೊಂಡಾಡದ ನಾರಿನ ಕಥೆ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿತು. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ, ಕರುಳಿನ ಒಳಪದರದ ಆರೋಗ್ಯವಂತ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಗ್ಲೂಕೋಸನ್ನೇ ನೆಚ್ಚಿಕೊಂಡ ಕ್ಯಾನ್ಸರ್ ಕೋಶ ಬ್ಯುಟಿರೇಟನ್ನು ಉರಿಸದೆ ಬಿಡುವುದರಿಂದ ಅದು ಒಳಗೇ ಶೇಖರವಾಗಿ, ವಂಶವಾಹಿಗಳ ನಿಯಂತ್ರಣವನ್ನು ಬದಲಿಸಿ, ಕೋಶವನ್ನು ಸಾವಿನತ್ತ ತಳ್ಳುವುದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. 2011ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ದಿನಕ್ಕೆ 10 ಗ್ರಾಂ ನಾರು ಹೆಚ್ಚಿದಂತೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 10ರಷ್ಟು ಕಡಿಮೆ ಕಂಡಿತ್ತು. ಇದೂ ಖಾತರಿಯಲ್ಲ: ಒಮ್ಮೆ ಪಾಲಿಪ್ ತೆಗೆಸಿಕೊಂಡ ಸುಮಾರು 2,000 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವರ್ಷ ನಾರು, ಹಣ್ಣು, ತರಕಾರಿ ಹೆಚ್ಚಿಸಿಕೊಂಡವರಲ್ಲೂ ಪಾಲಿಪ್‌ಗಳು ಇತರರಷ್ಟೇ ಮರಳಿದವು.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮಾವ ಈಗ ರಾತ್ರಿ ಮುದ್ದೆಗೆ ಮರಳಿದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ: ಮಲದಲ್ಲಿ ರಕ್ತ ಕಂಡ ಮೇಲೂ ಅವರು ಮೂಲವ್ಯಾಧಿಯೆಂದುಕೊಂಡು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ.