ಹದಿನೈದು ಎಕರೆಯ ಸಾಲ

25 ಏಪ್ರಿಲ್ 2025, ಶುಕ್ರವಾರ
ರೆಡ್ ಕ್ಲಿಫ್ಸ್, ವಿಕ್ಟೋರಿಯಾ, ಆಸ್ಟ್ರೇಲಿಯಾ

ಬೆಳಗಿನ ಜಾವ ಮೂರೂವರೆಗೆ ಎದ್ದೆ. ಇವತ್ತು ಆನ್ಜಾಕ್ ದಿನ. 1915ರ ಏಪ್ರಿಲ್ 25ರಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ತುರ್ಕಿಯ ಗಲ್ಲಿಪೊಲಿ ದಂಡೆಯಲ್ಲಿ ಇಳಿದರು. ಅದರ ನೆನಪಿಗೆ ಇಲ್ಲಿನ ಊರುಗಳಲ್ಲಿ ಜನ ಸೂರ್ಯ ಹುಟ್ಟುವ ಮುಂಚೆಯೇ ಸ್ಮಾರಕದ ಹತ್ತಿರ ಸೇರುತ್ತಾರೆ. ಮುಗಿದ ಮೇಲೆ ಬಂದವರಿಗೆಲ್ಲ ಬಿಸಿ ತಿಂಡಿ. ಈ ಸಲ ತಿಂಡಿಯ ಕೆಲಸ ನಮ್ಮ ಲಯನ್ಸ್ ಕ್ಲಬ್ಬಿನದು.

ನನ್ನ ಪಾಲಿಗೆ ಬಂದಿದ್ದು ಈರುಳ್ಳಿ. ಹತ್ತು ಕೆಜಿ ನಿನ್ನೆ ರಾತ್ರಿಯೇ ಹೆಚ್ಚಿಟ್ಟಿದ್ದೆ. ಕಾರಿನ ತುಂಬ ಅದೇ ವಾಸನೆ. ನಾಲ್ಕೂಕಾಲಿಗೆ ಹೋದರೆ ನಮ್ಮವರು ಆಗಲೇ ಟೆಂಟ್ ಹೊಡೆದು ಕಬ್ಬಿಣದ ಕಾವಲಿ ಕಾಯಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಒಬ್ಬರಿಗೆ ಎಂಬತ್ತೇಳು. ಅವರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ಇನ್ನೂ ಬಾಯಿ ಬರುವುದಿಲ್ಲ. ಈ ದಿನಚರಿಯಲ್ಲಿ ನಾನು ಅವರನ್ನು 'ಬ್ಲಾಕ್ ಅಜ್ಜ' ಅಂತಲೇ ಬರೆಯುತ್ತೇನೆ.

ಇಲ್ಲಿ ದ್ರಾಕ್ಷಿ ತೋಟಕ್ಕೆ 'ಬ್ಲಾಕ್' ಅನ್ನುತ್ತಾರೆ. ಬೆಳೆಯುವವನು 'ಬ್ಲಾಕಿ'. ಅಜ್ಜನ ಅಪ್ಪ ಮೊದಲ ಮಹಾಯುದ್ಧದಿಂದ ವಾಪಸ್ ಬಂದು ಬ್ಲಾಕಿ ಆದವರು.

ಕತ್ತಲಲ್ಲಿ ಎಲ್ಲರೂ ಕೋಟಿಗೆ ರೋಸ್ಮೆರಿ ಕಡ್ಡಿ ಸಿಕ್ಕಿಸಿಕೊಂಡು ನಿಂತಿದ್ದೆವು. ಕಹಳೆ ಊದಿದರು. ಒಂದು ನಿಮಿಷ ಮೌನ. ಎಲ್ಲೋ ಒಂದು ಮಗು ಕೆಮ್ಮಿತು. ಅಜ್ಜ ನನ್ನ ಪಕ್ಕದಲ್ಲೇ ಇದ್ದರು. ಎದೆಯ ಬಲಗಡೆ ಅಪ್ಪನ ಪದಕ. ಸ್ವಂತದ್ದಾದರೆ ಎಡಕ್ಕೆ, ಹಿರಿಯರದ್ದಾದರೆ ಬಲಕ್ಕೆ ಹಾಕಿಕೊಳ್ಳಬೇಕು. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ.

ಆಮೇಲೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಮೊಟ್ಟೆ, ಬೇಕನ್, ಬನ್ನು. ನಡುವೆ ಗ್ಯಾಸ್ ಸಿಲಿಂಡರ್ ಖಾಲಿಯಾಯಿತು. ಇನ್ನೊಂದು ತರುವವರೆಗೆ ಸಾಲಿನಲ್ಲಿದ್ದವರು ಬೇಜಾರಿಲ್ಲದೆ ಕಾದರು. ದುಡ್ಡಿನ ಡಬ್ಬ ಚೆನ್ನಾಗಿ ತುಂಬಿದೆ. ಎಣಿಸುವುದು ಮಂಗಳವಾರದ ಮೀಟಿಂಗಿನಲ್ಲಿ.

ನಾನು ಈ ಕ್ಲಬ್ ಸೇರಿ ನಾಲ್ಕು ವರ್ಷ. ಹತ್ತಿರದ ಮಿಲ್ಡೂರಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್ ಕೆಲಸ ನನ್ನದು. ಬಂದ ಹೊಸದರಲ್ಲಿ ಕೆಲಸ, ಮನೆ ಬಿಟ್ಟರೆ ಬೇರೆ ಮುಖಗಳೇ ಇರಲಿಲ್ಲ. ಒಂದು ದಿನ ಅಂಗಡಿ ಮುಂದೆ ಲಯನ್ಸ್‌ನವರು ಕ್ರಿಸ್‌ಮಸ್ ಕೇಕ್ ಮಾರುತ್ತಿದ್ದರು. ಒಂದು ಕೊಂಡೆ. ತುಂಬ ಒಣದ್ರಾಕ್ಷಿ. "ಇದನ್ನ ನಮ್ಮೂರಲ್ಲೂ ಬೆಳೀತೀವಿ, ನಮ್ಮಪ್ಪನದು ದ್ರಾಕ್ಷಿ ತೋಟ" ಅಂದೆ. ಕೇಕ್ ಕೊಟ್ಟ ಅಜ್ಜ ಸೀದಾ ಕೇಳಿದ್ದು, "ಒಣಗಿಸುವ ಮುಂಚೆ ಯಾವ ಎಣ್ಣೆಯಲ್ಲಿ ಅದ್ದುತ್ತೀರಿ?" ಅಂತ. ಮುಂದಿನ ವಾರವೇ ಮೀಟಿಂಗಿಗೆ ಕರೆದುಕೊಂಡು ಹೋದರು.

ಹೊರಗಿನಿಂದ ನೋಡಿದವರಿಗೆ ಇದು ಸುಮ್ನೆ ಊಟ, ಹರಟೆ ಅನ್ನಿಸಬಹುದು. ಒಳಗೆ ಬಂದರೆ ಗೊತ್ತಾಗುತ್ತೆ. ಹಳೇ ಕನ್ನಡಕ ಸೇರಿಸಿ ಬೇರೆ ದೇಶಗಳಿಗೆ ಕಳಿಸುವುದು, ಆಸ್ಪತ್ರೆಗೆ ಹೋಗಬೇಕಾದವರನ್ನು ಕಾರಿನಲ್ಲಿ ಬಿಡುವುದು, ಸತ್ತವರ ಮನೆಗೆ ಒಂದು ವಾರ ಅಡಿಗೆ ಕಳಿಸುವುದು. ಮೀಟಿಂಗಿನಲ್ಲಿ 'ಟೇಲ್ ಟ್ವಿಸ್ಟರ್' ಅಂತ ಒಬ್ಬರಿರುತ್ತಾರೆ. ತಮಾಷೆಯ ಕಾರಣ ಹುಡುಕಿ ಎಲ್ಲರಿಗೂ ಚಿಲ್ಲರೆ ದಂಡ ಹಾಕುವುದು ಅವರ ಕೆಲಸ. ಆ ದಂಡದ ದುಡ್ಡೂ ಯಾರದ್ದೋ ಕಷ್ಟಕ್ಕೇ ಹೋಗುತ್ತದೆ. ಆಸ್ಟ್ರೇಲಿಯಾದ ಮೊದಲ ಲಯನ್ಸ್ ಕ್ಲಬ್ 1947ರಲ್ಲಿ ಲಿಸ್ಮೋರ್ ಊರಿನಲ್ಲಿ ಶುರುವಾಯಿತು. ನಮ್ಮ ಕ್ಲಬ್ಬಿನ ಹಳಬರಲ್ಲಿ ಸುಮಾರು ಜನ ಸೈನಿಕರ ಮಕ್ಕಳು, ಬ್ಲಾಕಿಗಳ ಮಕ್ಕಳು.

ಪಾತ್ರೆ ತೊಳೆದಿಟ್ಟ ಮೇಲೆ ಅಜ್ಜ "ಬಾ, ಲಿಜ್ಜಿಯನ್ನ ನೋಡಿ ಬರೋಣ" ಅಂದರು. ಬಿಗ್ ಲಿಜ್ಜಿ ಅಂದರೆ 45 ಟನ್ ತೂಕದ ಯಂತ್ರ. ಇಲ್ಲಿನ ಬಾರ್ಕ್ಲೇ ಸ್ಕ್ವೇರ್‌ನಲ್ಲಿ ನಿಂತಿದೆ. ಫ್ರಾಂಕ್ ಬಾಟ್ರಿಲ್ ಅನ್ನುವವರು 1915ರಲ್ಲಿ ಮೆಲ್ಬರ್ನ್‌ನ ರಿಚ್ಮಂಡ್‌ನಲ್ಲಿ ಮಾಡಿದ್ದು. ಚಕ್ರಕ್ಕೆ ಕಟ್ಟಿದ ದಪ್ಪ ಹಲಗೆಗಳು ನೆಲಕ್ಕೆ ಬಿದ್ದು, ಅದು ತಾನೇ ದಾರಿ ಹಾಸಿಕೊಂಡು ಹೋಗುತ್ತಿತ್ತಂತೆ. ವೇಗ ಗಂಟೆಗೆ ಮೂರು ಕಿಲೋಮೀಟರ್, ನಾವು ನಡೆಯುವುದಕ್ಕಿಂತ ಕಮ್ಮಿ. ಬ್ರೋಕನ್ ಹಿಲ್ ಗಣಿಗೆ ಅಂತ ಹೊರಟಿತ್ತು. ಮರ್ರೆ ನದಿಯ ಪ್ರವಾಹದಿಂದ ದಾಟಲಾಗಲಿಲ್ಲ. ಇಲ್ಲೇ ಉಳಿಯಿತು. 1920ರಿಂದ 1924ರವರೆಗೆ ಈ ನೆಲದ ಮ್ಯಾಲಿ ಮರಗಳನ್ನು ಕಿತ್ತಿತು.

ಮ್ಯಾಲಿ ಅಂದರೆ ಒಂದು ಬಗೆಯ ನೀಲಗಿರಿ. ಮೇಲೆ ನೋಡಿದರೆ ಪೊದೆ. ಬುಡ ಮಾತ್ರ ನೆಲದೊಳಗೆ ಕುಂಬಳಕಾಯಿಯ ಹಾಗೆ ಊದಿಕೊಂಡಿರುತ್ತದೆ. ಲಿಜ್ಜಿ ಹೋಗದ ಕಡೆ ಅದನ್ನು ಕಿತ್ತವರು ಯುದ್ಧದಿಂದ ಬಂದ ಸೈನಿಕರೇ. ಕೈಯಲ್ಲಿ ಗುದ್ದಲಿ, ಕೊಡಲಿ. ವಾಸ ಟೆಂಟಿನಲ್ಲಿ, ಗೋಣಿತಟ್ಟಿನ ಗೋಡೆಯ ಗುಡಿಸಲಿನಲ್ಲಿ. ಅಜ್ಜನ ಅಪ್ಪನ ಒಂದು ಕಾಲಿನಲ್ಲಿ ಆಗ ಗುಂಡಿನ ಚೂರು ಇನ್ನೂ ಇತ್ತಂತೆ.

ಹೀಗೆ ಹುಟ್ಟಿದ ಬ್ಲಾಕ್‌ಗಳು ಸುಮಾರು 700. ಒಂದೊಂದೂ ಹದಿನೈದು ಎಕರೆ ಆಸುಪಾಸು. "ಸರ್ಕಾರ ಸೈನಿಕರಿಗೆ ಜಮೀನು ಕೊಟ್ಟಿತು" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಆದರೆ ಜಮೀನು ಸಿಕ್ಕಿದ್ದು ಸಾಲದ ಮೇಲೆ. ಜಮೀನಿಗೆ ಸಾಲ, ಮನೆಗೆ ಸಾಲ, ಕುದುರೆಗೆ ಸಾಲ, ಬಳ್ಳಿ ಹಬ್ಬಿಸುವ ತಂತಿಗೆ ಸಾಲ. ದ್ರಾಕ್ಷಿ ಬಳ್ಳಿ ಸರಿಯಾಗಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಬಡ್ಡಿ ಅಷ್ಟು ದಿನ ಕಾಯುತ್ತದೆಯೇ? ಫಲ ಬರುವ ಹೊತ್ತಿಗೆ ಒಣದ್ರಾಕ್ಷಿಯ ಬೆಲೆ ಬಿದ್ದಿತು. ದ್ರಾಕ್ಷಿ ಬೆಳೆಯುವವರ ಮನೆಯ ಮಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜನ ಅಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ಕೊಯ್ಲಿನಲ್ಲಿ ಡಿಪ್ ಟಿನ್ ಹೊರುತ್ತಿದ್ದರು. ತೂತು ಮಾಡಿದ ಡಬ್ಬದಲ್ಲಿ ಗೊಂಚಲು ತುಂಬಿ, ದ್ರಾವಣದಲ್ಲಿ ಅದ್ದಿ, ತಂತಿಯ ಚೌಕಟ್ಟಿನ ಮೇಲೆ ಹರಡುವುದು. ಪಕ್ಕದ ಬ್ಲಾಕಿನವರು ಒಂದು ರಾತ್ರಿ ಹೇಳದೆ ಕೇಳದೆ ಊರು ಬಿಟ್ಟರಂತೆ. ಬೆಳಗ್ಗೆ ಇವರಮ್ಮ ಹೋಗಿ ನೋಡಿದರೆ ಒಲೆ ಇನ್ನೂ ಬೆಚ್ಚಗಿತ್ತು. ಅಮ್ಮ ಅದನ್ನು ಸಾಯುವವರೆಗೂ ಹೇಳುತ್ತಿದ್ದರಂತೆ. ಇವತ್ತು ಹೇಳುವಾಗ ಅಜ್ಜನ ಧ್ವನಿ ಸಣ್ಣದಾಯಿತು. ನಾನು ಏನೂ ಮಾತಾಡಲಿಲ್ಲ.

ದೇಶದ ಲೆಕ್ಕ ಇನ್ನೂ ದೊಡ್ಡದು. ಮೊದಲ ಯುದ್ಧದ ನಂತರ ಹೀಗೆ ಜಮೀನು ಹಿಡಿದ ಸೈನಿಕರು ಸುಮಾರು 37,000. 1929ರಲ್ಲಿ ಸರ್ಕಾರದ ಪರವಾಗಿ ನ್ಯಾಯಮೂರ್ತಿ ಪೈಕ್ ಲೆಕ್ಕ ಹಾಕಿದಾಗ ಈ ಯೋಜನೆಯ ನಷ್ಟ ಎರಡು ಕೋಟಿ ಮೂವತ್ತೈದು ಲಕ್ಷ ಪೌಂಡ್. ಕೈಯಲ್ಲಿ ದುಡ್ಡಿಲ್ಲದಿದ್ದದ್ದು, ಜೀವನಕ್ಕೆ ಸಾಕಾಗದಷ್ಟು ಸಣ್ಣ ಜಮೀನು, ಬೇಸಾಯ ಗೊತ್ತಿಲ್ಲದವರನ್ನು ಹೊಲಕ್ಕೆ ಹಚ್ಚಿದ್ದು, ಬಿದ್ದ ಬೆಲೆ, ಈ ಕಾರಣಗಳನ್ನು ಅವರು ಬರೆದರು. ರೆಡ್ ಕ್ಲಿಫ್ಸ್ ಉಳಿದುಕೊಂಡಿತು. ಇಲ್ಲಿ ನದಿಯ ನೀರಿತ್ತು, ಪಂಪ್ ಇತ್ತು. ಬೇರೆ ಕಡೆ ಮಳೆ ನಂಬಿ ಗೋಧಿ ಬಿತ್ತಿದ ಎಷ್ಟೋ ಜನ ಬರಿಗೈಯಲ್ಲಿ ಹೋದರು.

ಆ ಸಾಲದ ಜಮೀನು ಕೂಡ ಸಿಗದವರಿದ್ದಾರೆ. ಇದನ್ನು ಬರೆಯದೆ ಇವತ್ತಿನ ಪುಟ ಮುಚ್ಚಲಾರೆ. ಪಶ್ಚಿಮ ವಿಕ್ಟೋರಿಯಾದ ಲೇಕ್ ಕೊಂಡಾದಲ್ಲಿ ಗುಂಡಿಟ್ಜ್‌ಮಾರಾ ಜನ ಇದ್ದಾರೆ, ಆ ನೆಲದ ಮೂಲ ಜನ. ಅಲ್ಲಿನ ಲೊವೆಟ್ ಮನೆಯ ಐವರು ಅಣ್ಣತಮ್ಮಂದಿರು ಮೊದಲ ಮಹಾಯುದ್ಧಕ್ಕೆ ಹೋಗಿ ಐವರೂ ಜೀವಂತ ಬಂದರು. ಅವರಲ್ಲಿ ಕೆಲವರು ಎರಡನೇ ಯುದ್ಧದ ಕಾಲದಲ್ಲೂ ಸೈನ್ಯ ಸೇರಿದರು. ಹರ್ಬರ್ಟ್ ಲೊವೆಟ್ ಜಮೀನಿಗೆ ಅರ್ಜಿ ಹಾಕಿದರು. ಕೊಡಲಿಲ್ಲ. ಕೊನೆಗೆ ಅವರ ಲೇಕ್ ಕೊಂಡಾದ ನೆಲವನ್ನೇ ಭಾಗ ಮಾಡಿ ಬಿಳಿಯ ಸೈನಿಕರಿಗೆ ಹಂಚಿದರು. ಎರಡು ಯುದ್ಧ ಮಾಡಿ ಬಂದವನಿಗೆ ತನ್ನ ಅಜ್ಜ ಮುತ್ತಜ್ಜಂದಿರ ನೆಲದಲ್ಲೇ ಒಂದು ತುಂಡು ಸಿಗಲಿಲ್ಲ. ಕಳೆದ ವರ್ಷ ನಮ್ಮ ಮೀಟಿಂಗಿನಲ್ಲಿ ಅಜ್ಜನೇ ಎದ್ದು ನಿಂತು ಇದನ್ನು ಹೇಳಿದ್ದರು. "ನಮ್ಮಪ್ಪನ ಕಷ್ಟ ಹೇಳುವಾಗ ಇದನ್ನೂ ಹೇಳಬೇಕು" ಅಂದರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ.

ಸಂಜೆ ಐದಕ್ಕೆ ವಿಜಯಪುರದ ಕಡೆಯ ನಮ್ಮೂರು ಟಿಕೋಟಾಕ್ಕೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಪ್ಪ ಶೆಡ್‌ನಲ್ಲಿದ್ದ. ಈ ಸಲದ ಕೊನೆಯ ಮಣೂಕ, ಅಂದರೆ ಒಣದ್ರಾಕ್ಷಿ, ಒಣಗುತ್ತಿದೆಯಂತೆ. ಹದಿನೈದು ಎಕರೆಯ ಕಥೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಯುದ್ಧಾ ಮಾಡಿ ಬಂದವ್ರಿಗೂ ಬಡ್ಡಿ ಬಿಡಲಿಲ್ಲೇನ ಯವ್ವಾ?"

"ಇಲ್ಲಪ್ಪಾ."

"ಆ ಅಜ್ಜಾರ ಸಾಲ ಯಾವಾಗ ತೀರಿತು?"

"ಎರಡನೇ ಯುದ್ಧ ಮುಗಿದ ಮೇಲಂತ. ಇಪ್ಪತ್ತೈದು ವರ್ಷ ಹಿಡೀತಂತ."

ನಮ್ಮಪ್ಪನ ಬ್ಯಾಂಕ್ ಸಾಲಕ್ಕೆ ಇದು ಒಂಬತ್ತನೇ ವರ್ಷ. ಅವನು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಎಣ್ಣೆಯ ಮಾತು ಬಂತು. ನಮ್ಮ ಕಡೆ ಥಾಮ್ಸನ್ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್‌ನ ನೆರಳಲ್ಲಿ ಮಾಳಿಗೆ ಮಾಳಿಗೆಯಾಗಿ ಬಲೆಯ ಮೇಲೆ ಹರಡುತ್ತಾರೆ. ಅದೇ ದ್ರಾಕ್ಷಿಗೆ ಇಲ್ಲಿ ಸುಲ್ತಾನಾ ಅಂತ ಹೆಸರು. ಇಲ್ಲಿನ ಬ್ಲಾಕಿಗಳು ಅದ್ದುವುದೂ ಪೊಟ್ಯಾಶ್, ಎಣ್ಣೆಯ ನೀರಿನಲ್ಲೇ. ಆ ಪದ್ಧತಿಗೆ ಭಾರತದಲ್ಲಿ 'ಆಸ್ಟ್ರೇಲಿಯನ್ ಡಿಪ್' ಅಂತಲೇ ಹೆಸರಿದೆ. ಈಗ ಇಲ್ಲಿ ಸುಮಾರು ಕಡೆ ಗೊಂಚಲು ಕೀಳುವುದೇ ಇಲ್ಲ. ಬಳ್ಳಿಯ ಕಡ್ಡಿ ಕತ್ತರಿಸಿ, ದ್ರಾವಣ ಸಿಂಪಡಿಸಿ, ಬಳ್ಳಿಯಲ್ಲೇ ಒಣಗಿಸುತ್ತಾರೆ. ಇದು ಅಪ್ಪನಿಗೆ ಹೊಸದು.

"ಬಳ್ಳ್ಯಾಗ? ಮಳಿ ಬಂದ್ರ ಏನ್ ಮಾಡ್ತಾರ? ಅಜ್ಜಾರನ್ನ ಕೇಳಿ ಹೇಳು. ಎಣ್ಣಿ ಎಷ್ಟು, ನೀರ ಎಷ್ಟು ಅದನೂ ಕೇಳು."

ಕೇಳುತ್ತೇನೆ ಅಂದೆ. ಅಪ್ಪ ಶೆಡ್‌ನ ನಾಲ್ಕು ಫೋಟೋ ಕಳಿಸಿದ್ದಾನೆ. ಒಂದರಲ್ಲಿ ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಮೇಲಿನ ಮಾಳಿಗೆಗೆ ಕೈ ಚಾಚಿದ್ದಾಳೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಂಗಳವಾರ ಮೀಟಿಂಗಿಗೆ ಒಯ್ಯಬೇಕು.