ಟೊಮೆಟೊ ರೇಟಿಗೆ ಪ್ರಾರ್ಥನೆ ಕೇಳಿದ ಸಂಜೆ

2023ರ ಜುಲೈ ತಿಂಗಳನ್ನು ಕೋಲಾರದವರು ಸುಲಭಕ್ಕೆ ಮರೆಯುವುದಿಲ್ಲ. ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬಿಳಿನೊಣದ ಕಾಟ, ಎಲೆ ಮುದುಡುವ ರೋಗ ಸೇರಿ ಎಷ್ಟೋ ತೋಟಗಳು ಹಾಳಾಗಿದ್ದವು. ಮಂಡಿಗೆ ಮಾಲು ಬರುವುದೇ ಕಮ್ಮಿಯಾಗಿತ್ತು. ಬೆಳೆ ಉಳಿದವರಿಗೆ ಮಾತ್ರ ಕೈತುಂಬಾ ದುಡ್ಡು.

ಹಾಗೆ ಬೆಳೆ ಉಳಿದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಅದಕ್ಕೆ ಹಿಂದಿನ ಬೆಳೆಯಲ್ಲಿ ಹಣ್ಣು ಕೀಳಿಸುವ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟಿದ್ದರು. ಸಸಿ, ಕೋಲು, ದಾರ, ಔಷಧಿ ಅಂತ ಮಾಡಿದ ಸಾಲ ಹಾಗೇ ಇತ್ತು. ಈ ಸಲ ರಾತ್ರಿ ತೋಟದಲ್ಲೇ ಮಲಗಿ ಕಾವಲು ಕಾಯುತ್ತಿದ್ದರು.

ಆ ವಾರ ನಮ್ಮ ಚರ್ಚಿನವರ ಸಂಜೆ ಪ್ರಾರ್ಥನೆ ಕೂಟ ನಮ್ಮ ಮನೆಯಲ್ಲಿತ್ತು. ಹಾಲ್‌ನಲ್ಲಿ ಚಾಪೆ ಹಾಸಿ, ಹಾಡು ಮುಗಿಸಿ, ಪಾಸ್ಟರ್ ಅಯ್ಯನವರು ಎಂದಿನಂತೆ ಕೇಳಿದರು, "ಯಾರಿಗಾದ್ರೂ ಪ್ರಾರ್ಥನೆ ವಿಷಯ ಇದೆಯಾ?" ಚಿಕ್ಕಪ್ಪ ಸಾಮಾನ್ಯವಾಗಿ ಬಾಯಿ ಬಿಡುವವರಲ್ಲ. ಅವತ್ತು ಅವರೇ ಮೊದಲು ಹೇಳಿದರು. "ರೇಟು ಇನ್ನೊಂದು ಹದಿನೈದು ದಿನ ಹಿಂಗೇ ನಿಂತ್ರೆ ಸಾಕಯ್ಯ. ಸಾಲ ತೀರುತ್ತೆ. ಅದಕ್ಕೆ ಪ್ರಾರ್ಥನೆ ಮಾಡಿ."

ಅವರ ಮಾತು ಮುಗಿಯುತ್ತಿದ್ದಂತೆ ಗೋಡೆ ಪಕ್ಕ ಕೂತಿದ್ದ ಮೆಸ್ ಅಕ್ಕ ಸೆರಗು ಸರಿ ಮಾಡಿಕೊಂಡು, ತಲೆ ಎತ್ತದೆ ಹೇಳಿದರು. "ಅಣ್ಣ ಬೇಜಾರು ಮಾಡ್ಕೋಬಾರ್ದು. ನಂಗೆ ಅದು ಇಳೀಬೇಕು."

ಅಕ್ಕ ಮಾರ್ಕೆಟ್ ಹತ್ತಿರ ಸಣ್ಣದೊಂದು ಮೆಸ್ ನಡೆಸುತ್ತಾರೆ. ಊಟಕ್ಕೆ ಬರುವವರು ಹೆಚ್ಚಾಗಿ ಹಮಾಲಿಗಳು, ಲಾರಿ ಕ್ಲೀನರ್‌ಗಳು, ತಿಂಗಳ ಲೆಕ್ಕದಲ್ಲಿ ಉಣ್ಣುವ ಹುಡುಗರು. ಊಟದ ರೇಟು ಐದು ರೂಪಾಯಿ ಜಾಸ್ತಿ ಮಾಡಿದರೂ ಅವರು ಮುದ್ದೆ ಬಿಟ್ಟು ಬನ್ನು, ಟೀ ಕುಡಿದು ಹೋಗುತ್ತಾರೆ. ಹಾಗಾಗಿ ಅಕ್ಕ ರೇಟು ಮುಟ್ಟದೆ ಸಾರಿಗೆ ಹುಣಸೆ ಹುಳಿ ಜಾಸ್ತಿ ಹಿಂಡಿದರು, ಚಟ್ನಿ ನಿಲ್ಲಿಸಿದರು. ಆದರೂ ಗ್ಯಾಸ್, ಬಾಡಿಗೆ ಕಟ್ಟಿದ ಮೇಲೆ ಮನೆಗೆ ಏನೂ ಉಳಿಯುತ್ತಿರಲಿಲ್ಲ. ಇದನ್ನೆಲ್ಲ ಅವರು ಅವತ್ತೇ ಮೊದಲ ಸಲ ನಮ್ಮ ಮುಂದೆ ಹೇಳಿದ್ದು. ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೇ ಸಾಲಿನಲ್ಲಿ ಕೂರುವವರು ನಾವು.

ಕೂಟ ಒಂದು ಕ್ಷಣ ಸುಮ್ಮನಾಯಿತು. ಹಿರಿಯರೊಬ್ಬರು, "ಇವೆಲ್ಲ ಲೋಕದ ವಿಷಯ, ಆತ್ಮಿಕ ವಿಷಯ ಕೇಳ್ಬೇಕಪ್ಪ ದೇವರ ಹತ್ರ" ಅಂದರು. ಈ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಯಾವತ್ತೂ ಒಪ್ಪಿಲ್ಲ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ತುಂಬಾ ಚಿಕ್ಕದು. ಅದರಲ್ಲಿ ದೇವರ ಹೆಸರು, ರಾಜ್ಯ, ಚಿತ್ತ ಆದ ಕೂಡಲೇ ಬರುವುದು ಊಟ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಪಾಪ ಕ್ಷಮಿಸು ಅಂತ ಕೇಳುವುದು ಅದಾದ ಮೇಲೆ. ಅದನ್ನು ಕೇಳಿಸಿಕೊಂಡ ಜನರಲ್ಲಿ ದಿನಗೂಲಿಯವರು ಎಷ್ಟು ಮಂದಿ ಇದ್ದರೋ. ಅವರಿಗೆ ಇವತ್ತಿನ ಕೂಲಿ ಸಿಕ್ಕರೆ ಇವತ್ತಿನ ರೊಟ್ಟಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಅಂತ ಬೈಬಲಿನ ಯಾಜಕಕಾಂಡದಲ್ಲಿ ಕಟ್ಟಪ್ಪಣೆಯೇ ಇದೆ. ನಮ್ಮೂರಲ್ಲಿ ಬೆಳಿಗ್ಗೆ ಸರ್ಕಲ್ ಹತ್ತಿರ ಬುತ್ತಿ ಹಿಡಿದು ಕೆಲಸಕ್ಕೆ ಕಾಯುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟ ಕೇಳುವುದು ಕೀಳು ಪ್ರಾರ್ಥನೆ ಅನ್ನುವುದು ಹೊಟ್ಟೆ ತುಂಬಿದವರ ಮಾತು ಅಂತಲೇ ನನಗೆ ಅನ್ನಿಸುತ್ತದೆ.

ನಿಜವಾದ ಕಷ್ಟ ಬೇರೆ ಇತ್ತು. ಒಬ್ಬರ ಊಟ ರೇಟು ಏರಿದರೆ, ಇನ್ನೊಬ್ಬರ ಊಟ ಇಳಿದರೆ. ದೇವರು ಯಾರ ಮಾತು ಕೇಳಬೇಕು?

ಅಯ್ಯನವರು ಆ ಪ್ರಶ್ನೆಗೆ ಉಪದೇಶ ಮಾಡಲಿಲ್ಲ. ಬೈಬಲ್ ತೆರೆದು ವಿಮೋಚನಕಾಂಡದ 16ನೇ ಅಧ್ಯಾಯ ಓದಿಸಿದರು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಬಿದ್ದ ಕಥೆ. ಜಾಸ್ತಿ ಕೂಡಿಸಿದವನಿಗೆ ಮಿಕ್ಕಲಿಲ್ಲ, ಕಮ್ಮಿ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗಿರಲಿ ಅಂತ ಎತ್ತಿಟ್ಟದ್ದು ಹುಳ ಬಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದಿತ್ತು, ಅದು ಕೆಡಲಿಲ್ಲ. ಆಮೇಲೆ ಪ್ರಾರ್ಥನೆ ಮಾಡಿದರು. ರೇಟು ಏರಲಿ ಅನ್ನಲಿಲ್ಲ, ಇಳಿಯಲಿ ಅಂತಲೂ ಅನ್ನಲಿಲ್ಲ. "ಕರ್ತನೇ, ಈ ತಮ್ಮನ ಸಾಲ ನಿನಗೆ ಗೊತ್ತು. ಈ ತಂಗಿಯ ಒಲೆಯೂ ನಿನಗೆ ಗೊತ್ತು" ಅಂದರು. ಸಾಲ ಎಷ್ಟು, ಬಾಡಿಗೆ ಎಷ್ಟು ಅನ್ನುವುದನ್ನೂ ಬಿಡದೆ ಹೇಳಿದರು. ದೇವರ ಮುಂದೆ ಅಷ್ಟು ವಿವರವಾಗಿ ಲೆಕ್ಕ ಒಪ್ಪಿಸಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ನೀವು ಕೇಳುವುದಕ್ಕಿಂತ ಮುಂಚೆಯೇ ನಿಮಗೇನು ಬೇಕು ಅಂತ ತಂದೆಗೆ ಗೊತ್ತು ಅಂತ ಯೇಸುವೇ ಹೇಳಿದ್ದಾನೆ, ಆ ಅನುದಿನದ ಆಹಾರದ ಪ್ರಾರ್ಥನೆ ಇರುವ ಮತ್ತಾಯನ 6ನೇ ಅಧ್ಯಾಯದಲ್ಲೇ. ಹಾಗಾದರೆ ಕೇಳುವುದು ಯಾಕೆ ಅಂತ ಯುವಕರ ಕೂಟದಲ್ಲಿ ಎಷ್ಟು ಸಲ ವಾದ ಮಾಡಿದ್ದೇವೋ. ಅವತ್ತು ನನಗೆ ಒಂದು ಉತ್ತರ ಸಿಕ್ಕಿತು. ದೇವರಿಗೆ ಮೊದಲೇ ಗೊತ್ತಿತ್ತು, ಸರಿ. ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಅಕ್ಕನ ಮೆಸ್ಸಿನಲ್ಲಿ ಚಟ್ನಿ ನಿಂತಿದೆ ಅನ್ನುವುದು ಅವರ ಕಿವಿಗೆ ಬಿದ್ದದ್ದೇ ಆ ಪ್ರಾರ್ಥನೆಯಿಂದ. ಚಿಕ್ಕಪ್ಪನ ಹಿಂದಿನ ಬೆಳೆ ಗಿಡದಲ್ಲೇ ಕೊಳೆತದ್ದು ಅಕ್ಕನಿಗೂ ಗೊತ್ತಿರಲಿಲ್ಲ. ಟೊಮೆಟೊದವರೆಲ್ಲ ಈಗ ಶ್ರೀಮಂತರು ಅಂದುಕೊಂಡಿದ್ದರು. ಊರೇ ಹಾಗಂದುಕೊಂಡಿತ್ತು, ಅಲ್ವಾ?

ಕೂಟ ಮುಗಿದು ಕಾಫಿ ಕೊಡುವಾಗ ಚಿಕ್ಕಪ್ಪ ಅಕ್ಕನ ಹತ್ತಿರ ಹೋದರು. "ಮಂಡಿಗೆ ಹೋಗದ ಹಣ್ಣು ಇರ್ತದಮ್ಮ. ಗಾಯ ಆಗಿರೋದು, ಸಣ್ಣದು. ಸಾರಿಗೆ ಏನೂ ಆಗಲ್ಲ. ಕಳಿಸ್ತೀನಿ." ಅಕ್ಕ ಸುಮ್ನೆ ತಗೊಳಲ್ಲ ಅಂದರು. ಇಬ್ಬರೂ ಅಲ್ಲೇ ನಿಂತು ಒಂದು ರೇಟು ಮಾತಾಡಿಕೊಂಡರು. ಮಾರನೇ ದಿನ ತೋಟದಿಂದ ಮಾರ್ಕೆಟ್‌ಗೆ ಹೊರಟ ಟೆಂಪೋ ಮೊದಲು ಮೆಸ್ಸಿನ ಮುಂದೆ ನಿಂತಿತು. ಸಹೋದರನಿಗೋ ಸಹೋದರಿಗೋ ಆ ದಿನದ ಊಟಕ್ಕಿಲ್ಲದಾಗ, ಹೋಗು ಹೊಟ್ಟೆ ತುಂಬಿಸಿಕೋ ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬನ ಪತ್ರಿಕೆಯಲ್ಲಿ ಕೇಳಿದ್ದಾರೆ. ನನಗೆ ಆ ಟೆಂಪೋ ನೋಡಿದಾಗ ಆ ವಚನ ನೆನಪಾಯಿತು.

ಇದನ್ನು ಪವಾಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕಪ್ಪನ ಸಾಲ ಪೂರ್ತಿ ತೀರಲಿಲ್ಲ, ಒಂದು ಪಾಲು ತೀರಿತು. ಅಕ್ಕನ ಬಾಡಿಗೆ ಬಾಕಿ ಒಂದು ತಿಂಗಳು ಉಳಿದೇ ಉಳಿಯಿತು. ಆದರೆ ಅವತ್ತವತ್ತಿನ ಒಲೆ ಹತ್ತಿತು, ಮತ್ತು ಪ್ರಾರ್ಥನೆಯಲ್ಲಿ ಕೇಳಿದ್ದೂ ಅಷ್ಟನ್ನೇ.

ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಚಿಕ್ಕಪ್ಪ ಕೂಟಕ್ಕೆ ಬಂದರು, ಬಾಯಿ ಬಿಡಲಿಲ್ಲ. ಅಯ್ಯನವರು ಪ್ರಾರ್ಥನೆ ವಿಷಯ ಕೇಳಿದಾಗ ಅಕ್ಕನೇ ಎದ್ದು ನಿಂತು, "ಅಣ್ಣನ ತೋಟಕ್ಕೆ ಪ್ರಾರ್ಥನೆ ಮಾಡ್ಬೇಕು, ಕೀಳೋಕೆ ಬರೋ ಹೆಣ್ಮಕ್ಕಳ ಕೂಲಿಗಾದ್ರೂ ಆಗ್ಬೇಕು" ಅಂದರು. ಆ ವಾರ ಅವರು ಮಂಡಿ ರೇಟಿಗಿಂತ ಸ್ವಲ್ಪ ಜಾಸ್ತಿಯೇ ಕೊಟ್ಟು ಚಿಕ್ಕಪ್ಪನ ಹತ್ತಿರ ಕೆಲವು ಬಾಕ್ಸು ತಗೊಂಡು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ತೊಕ್ಕು ಮಾಡಿಟ್ಟರು. ಮೆಸ್ಸಿನಲ್ಲಿ ಹಮಾಲಿಗಳು ಮುದ್ದೆಯ ಜೊತೆ ಅದನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.