ಯಾರೂ ಉಜ್ಜದ ಬೆಳ್ಳಿ

ಫಿಲಡೆಲ್ಫಿಯಾದ ಸೆವೆಂತ್ ಸ್ಟ್ರೀಟ್‌ನಲ್ಲಿದ್ದ ಅಮೆರಿಕದ ಮೊದಲ ಟಂಕಸಾಲೆಯ ಒಂದು ಗೋಡೆಯೂ ಇಂದು ಉಳಿದಿಲ್ಲ. ಆದರೆ ಅಲ್ಲಿ ತಯಾರಾದ ಬೆಳ್ಳಿ ನಾಣ್ಯಗಳಲ್ಲಿ ಕೆಲವು, ಅಚ್ಚಿನಿಂದ ಹೊರಬಿದ್ದ ದಿನದ ಕಾಂತಿಯನ್ನು ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಉಳಿಸಿಕೊಂಡಿವೆ. ಈ ನಗರಕ್ಕೆ ಸಮೀಪದಲ್ಲಿ ನೆಲೆಸಿದ ಮೇಲೆ ನನ್ನನ್ನು ಆವರಿಸಿಕೊಂಡ ಹವ್ಯಾಸವೆಂದರೆ ಇಂಥ ಉನ್ನತ ದರ್ಜೆಯ ಬೆಳ್ಳಿ ನಾಣ್ಯಗಳನ್ನು ಹುಡುಕುವುದು. ಊರಿನ ಬಂಧುಗಳಿಗೆ ಇದರ ಸ್ವಾರಸ್ಯವನ್ನು ಫೋನಿನಲ್ಲಿ ವಿವರಿಸುವುದು ಕಷ್ಟವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1792ರ ಏಪ್ರಿಲ್ 2ರಂದು ನಾಣ್ಯ ಕಾಯ್ದೆ ಜಾರಿಗೆ ಬಂದರೂ ಟಂಕಸಾಲೆ ಮರುವರ್ಷ ತಾಮ್ರದ ನಾಣ್ಯಗಳನ್ನಷ್ಟೇ ತಯಾರಿಸಿತು. ಬೆಳ್ಳಿ ಬಂಗಾರಗಳನ್ನು ಮುಟ್ಟಬೇಕಾದರೆ ಮುಖ್ಯ ಅಧಿಕಾರಿಗಳು ತಲಾ 10,000 ಡಾಲರ್ ಜಾಮೀನು ಕೊಡಬೇಕೆಂದು ಕಾಯ್ದೆ ವಿಧಿಸಿತ್ತು. ಅಷ್ಟು ಹಣ ಒದಗಿಸುವುದು ನಾಣ್ಯ ಅಚ್ಚೊತ್ತುವ ವಿಭಾಗದ ಮುಖ್ಯಸ್ಥ ಹೆನ್ರಿ ವೋಯ್ಟ್ ಮತ್ತು ಲೋಹ ಪರೀಕ್ಷಕ ಆಲ್ಬಿಯನ್ ಕಾಕ್ಸ್ ಇಬ್ಬರಿಗೂ ಅಸಾಧ್ಯವಾಗಿತ್ತು. 1794ರಲ್ಲಿ ಆ ಮೊತ್ತವನ್ನು ಇಳಿಸಿದ ಮೇಲೆಯೇ ಕೆಲಸ ಆರಂಭವಾಗಿ, ಅಕ್ಟೋಬರ್ 15ರಂದು 1,758 ಬೆಳ್ಳಿ ಡಾಲರ್‌ಗಳು ಹೊರಬಂದವು. ಅಷ್ಟು ದೊಡ್ಡ ಬಿಲ್ಲೆಗೆ ಬೇಕಾದ ಬಲ ಆಗಿನ ತಿರುಪು ಯಂತ್ರಕ್ಕೆ ಇರಲಿಲ್ಲವಾದ್ದರಿಂದ ಅವುಗಳಲ್ಲಿ ಬಹುತೇಕ ನಾಣ್ಯಗಳ ಎಡ ಅಂಚಿನ ನಕ್ಷತ್ರಗಳು ಮಸುಕಾಗಿಯೇ ಮೂಡಿವೆ. ಆ ವರ್ಷದ ಅತ್ಯುತ್ತಮ ಡಾಲರ್ 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರ್‌ಗೂ ಮೀರಿದ ಬೆಲೆಗೆ ಮಾರಾಟವಾಯಿತು.

ಆ ಕಾಲದ ನಾಣ್ಯಗಳ ಮೇಲೆ ಕೆಲವೊಮ್ಮೆ ಸಮಾನಾಂತರವಾದ ಗೀರುಗಳು ಕಾಣುತ್ತವೆ. ಹೊಸಬರು ಅದನ್ನು ಹಾನಿಯೆಂದು ತಿಳಿಯುತ್ತಾರೆ. ನನಗಂತೂ ಅವು ಬಹಳ ಪ್ರಿಯವಾದ ಗುರುತುಗಳು. ತೂಕ ಹೆಚ್ಚಾಗಿದ್ದ ಬಿಲ್ಲೆಯನ್ನು ಅಚ್ಚೊತ್ತುವ ಮೊದಲು ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. 1795ರಲ್ಲಿ ಈ ಕೆಲಸಕ್ಕೆ ಸೇರಿದ ಸಾರಾ ವಾಲ್ಡ್ರೇಕ್ ಮತ್ತು ರೇಚಲ್ ಸಮ್ಮರ್ಸ್ ಟಂಕಸಾಲೆಯ ಮೊದಲ ಮಹಿಳಾ ನೌಕರರು. ಒಂದು ಗೀರಿನ ಹಿಂದೆ ತಕ್ಕಡಿಯ ಮುಂದೆ ಕುಳಿತ ಇಂಥ ಕೈಗಳಿವೆ ಎಂದು ತಿಳಿದ ಮೇಲೆ ಅದನ್ನು ದೋಷವೆಂದು ಎಣಿಸಲು ಮನಸ್ಸು ಒಪ್ಪುವುದಿಲ್ಲ.

ಇಂದಿನ ದರ್ಜೆಯ ಅಳತೆಗೋಲು 1ರಿಂದ 70ರವರೆಗಿದೆ. ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ ಕ್ರಮವಿದು. 60 ಮತ್ತು ಅದಕ್ಕಿಂತ ಮೇಲಿನದು ಚಲಾವಣೆಯಲ್ಲಿ ಸವೆಯದ ನಾಣ್ಯ. ಪರೀಕ್ಷಕ ಸಂಸ್ಥೆಗಳು ಅಂಕ ನೀಡಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳುಹಿಸುತ್ತವೆಯಾದರೂ ಕೊಳ್ಳುವವನು ತನ್ನ ಕಣ್ಣನ್ನು ಪಳಗಿಸಿಕೊಳ್ಳದೆ ಗತ್ಯಂತರವಿಲ್ಲ. ನಾನು ನಾಣ್ಯವನ್ನು ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸುತ್ತೇನೆ. ಮೂಲ ಮೇಲ್ಮೈ ಉಳಿದಿದ್ದರೆ ಬೆಳಕಿನ ಪಟ್ಟೆಯೊಂದು ಸುತ್ತಲೂ ತಡೆಯಿಲ್ಲದೆ ಹರಿದಾಡುತ್ತದೆ. ನಾಣ್ಯದ ಮೇಲೆ ಚಿತ್ರಿತಳಾದ ಸ್ವಾತಂತ್ರ್ಯದೇವಿ ಲಿಬರ್ಟಿಯ ಕಿವಿಯ ಮೇಲಿನ ಗುಂಗುರು ಕೂದಲಿನ ಬಳಿ ಆ ಪಟ್ಟೆ ಮುರಿದು ಬೂದು ಬಣ್ಣ ಕಂಡರೆ ಅದು ಸವೆತ. ವಿವರಗಳು ಅಸ್ಪಷ್ಟವಾಗಿದ್ದೂ ಹೊಳಪು ಮುರಿಯದಿದ್ದರೆ ಅದು ಅಚ್ಚು ಸರಿಯಾಗಿ ಬೀಳದ್ದರ ಫಲ. ಈ ವ್ಯತ್ಯಾಸವನ್ನು ಅರಿಯುವುದೇ ಈ ಹವ್ಯಾಸದ ಮುಖ್ಯ ವಿದ್ಯೆ ಎನ್ನಬಹುದು.

ಡಾಲರ್‌ಗಳು ಹೊಸದಾಗಿ ಉಳಿಯಲು ಅವಕಾಶ ಕಡಿಮೆಯಿತ್ತು. ಅವು ಪಶ್ಚಿಮ ಇಂಡೀಸ್ ದ್ವೀಪಗಳಿಗೂ ಏಷ್ಯಾದ ವ್ಯಾಪಾರಕ್ಕೂ ಹರಿದುಹೋಗಿ ಕರಗುತ್ತಿದ್ದುದರಿಂದ 1804ರಲ್ಲಿ ಅವುಗಳ ತಯಾರಿಕೆಯೇ ನಿಂತಿತು. ಉಳಿದವುಗಳಲ್ಲಿ ಕೆಲವಕ್ಕೆ ಅದೃಷ್ಟವೂ ನೆರವಾಯಿತು. 1964ರಲ್ಲಿ ಲಂಡನ್ನಿನ ಹರಾಜಿಗೆ ಇಂಗ್ಲೆಂಡಿನ ಲಾರ್ಡ್ ಸೇಂಟ್ ಓಸ್ವಾಲ್ಡ್ ಅವರ ಮನೆತನದ ಸಂಗ್ರಹ ಬಂದಾಗ ಅದರಲ್ಲಿ 1794ರ ಎರಡು ಡಾಲರ್‌ಗಳು ಹೊಸದಾದ ಸ್ಥಿತಿಯಲ್ಲೇ ಇದ್ದವು. 1794–95ರಲ್ಲಿ ಅಮೆರಿಕಕ್ಕೆ ಬಂದಿದ್ದ ಆಂಗ್ಲ ಪ್ರವಾಸಿ ವಿಲಿಯಂ ಸ್ಟ್ರಿಕ್ಲೆಂಡ್ ಅವುಗಳನ್ನು ಇಂಗ್ಲೆಂಡಿಗೆ ಒಯ್ದಿರಬೇಕೆಂಬುದು ಸಂಶೋಧಕರ ಅಭಿಪ್ರಾಯ.

ಸಂಬಳದಲ್ಲಿ ಬದುಕುವ ನನ್ನಂಥವರಿಗೆ ದಕ್ಕುವುದು ಅರ್ಧ ಡಾಲರ್. ಜರ್ಮನಿಯಿಂದ ಬಂದ ಜಾನ್ ರೈಕ್ ರೂಪಿಸಿದ, ಟೊಪ್ಪಿಗೆ ತೊಟ್ಟ ಲಿಬರ್ಟಿಯ ಈ ನಾಣ್ಯ 1807ರಿಂದ 1836ರವರೆಗೆ ಅಚ್ಚಾಯಿತು. ಡಾಲರ್ ಇಲ್ಲದ ಆ ಅವಧಿಯಲ್ಲಿ ಬ್ಯಾಂಕುಗಳು ಇದನ್ನೇ ಮೀಸಲು ನಿಧಿಯಾಗಿ ಚೀಲಗಳಲ್ಲಿ ಕಟ್ಟಿಟ್ಟು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದವು. ಜನರ ಕೈಯಲ್ಲಿ ಹೆಚ್ಚು ಓಡಾಡದ ಕಾರಣದಿಂದಲೇ ಒಳ್ಳೆಯ ಸ್ಥಿತಿಯ ನಾಣ್ಯಗಳು ಇಂದಿಗೂ ಸಿಗುತ್ತವೆ. ಅದರ ಅಂಚಿನ ಮೇಲೆ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಎಂದು ಬರೆದಿದೆ; ಹಳೆಯ ಮಾದರಿಯ ಪೆಟ್ಟಿಗೆಗಳು ಈ ಅಕ್ಷರಗಳನ್ನು ಮರೆಮಾಡುವುದು ನನಗೆ ನಿಜವಾದ ಬೇಸರದ ಸಂಗತಿ.

ಇನ್ನೊಂದು ಮಾತನ್ನು ಊರಿನವರಿಗೆ ಒತ್ತಿ ಹೇಳಬೇಕು. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಬೆಳ್ಳಿಯ ದೀಪ, ಪಂಚಪಾತ್ರೆಗಳನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ತಿಕ್ಕಿ ಬೆಳಗುತ್ತೇವೆ. ಪೂಜೆಯ ಪಾತ್ರೆಗೆ ಸಲ್ಲುವ ಆ ಉಪಚಾರ ನಾಣ್ಯಕ್ಕೆ ಮಾರಕ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಯೊಡನೆ ಸೇರಿ ಮೂಡುವ ಬೂದು, ನೀಲಿ, ಹೊಂಬಣ್ಣಗಳ ಪದರವೇ ಆ ಮೇಲ್ಮೈಯನ್ನು ಯಾರೂ ಕೆಡಿಸಿಲ್ಲವೆಂಬುದಕ್ಕೆ ಒಳ್ಳೆಯ ಸಾಕ್ಷಿ. ಒಮ್ಮೆ ತಿಕ್ಕಿದರೆ ಉಂಟಾಗುವ ಕೂದಲೆಳೆಯ ಗೀರುಗಳನ್ನು ಯಾವ ಉಪಾಯದಿಂದಲೂ ಅಳಿಸಲಾಗದು. ದ್ರಾವಣದಲ್ಲಿ ಅದ್ದಿ ಬೆಳ್ಳಗಾಗಿಸಿದ 64 ಅಂಕದ ಅರ್ಧ ಡಾಲರ್‌ಗಿಂತ, ಸಹಜ ಬಣ್ಣದ 62 ಅಂಕದ ನಾಣ್ಯವನ್ನೇ ನಾನು ನಿಸ್ಸಂಕೋಚವಾಗಿ ಆರಿಸಿಕೊಳ್ಳುತ್ತೇನೆ. ಬೆಲೆಪಟ್ಟಿಯಲ್ಲಿ ಮೊದಲನೆಯದೇ ದುಬಾರಿಯಾಗಿದ್ದರೂ ನನ್ನ ಆಯ್ಕೆ ಬದಲಾಗದು.

ನಾನು ಇಲ್ಲಿ ಸಂಗ್ರಹಿಸುವುದನ್ನು ಕೇಳಿ, ಮನೆಯಲ್ಲಿರುವ ಮೈಸೂರಿನ ಹಳೆಯ ಹಣವನ್ನು ಕಳುಹಿಸಿಕೊಡಲೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಕಳುಹಿಸಬೇಡಿ. ಭಾರತದ 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವಾಗಿದ್ದು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಬರುವವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು; ಪ್ರವೇಶ ಉಚಿತ. ಟಂಕಸಾಲೆಯ ಅಧಿಕಾರಿ ಆಡಂ ಎಕ್‌ಫೆಲ್ಟ್ ಎತ್ತಿಟ್ಟಿದ್ದ ನಾಣ್ಯಗಳಿಂದ 1838ರಲ್ಲಿ ಆರಂಭವಾದ ಸಂಗ್ರಹ ಈಗ ಅಲ್ಲಿ ಸೇರಿದೆ. ಆರಂಭದ ಕಾಲದ ಬೆಳ್ಳಿ ನಾಣ್ಯವೇನಾದರೂ ಎದುರಾದರೆ ಮೊದಲು ಬಣ್ಣವನ್ನೂ ಆಮೇಲೆ ಅರದ ಗೀರುಗಳನ್ನೂ ಗಮನಿಸಿ. ಇಸವಿಯನ್ನು ಕೊನೆಗೆ ಓದಿದರೂ ಸಾಕು.